ಅಪ್‌ಡೇಟ್: ತತ್ವಪದ ರೆಕಾರ್ಡಿಂಗ್ ಈಗ ನಡುವೆ ನಿಲ್ಲುತ್ತಿಲ್ಲ

ಹೋದ ತಿಂಗಳು ಕೇಳಿದ್ದೆ: ಚಿಂತಾಮಣಿ ಹತ್ತಿರ ನಮ್ಮೂರ ಭಜನೆ ಮನೆಯಲ್ಲಿ ಕೈವಾರ ತಾತಯ್ಯನವರ ತತ್ವಪದ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುವಾಗ, ಇಪ್ಪತ್ತು ನಿಮಿಷಕ್ಕೆಲ್ಲ 'ಡಿಸ್ಕ್ ನಿಧಾನ' ಅಂತ ಬಂದು ಎಲ್ಲಾ ನಿಂತುಹೋಗುತ್ತದೆ, ಏನು ಮಾಡಲಿ ಅಂತ. ಈಗ ಸರಿಹೋಗಿದೆ.

ಮೊದಲು ಲೆಕ್ಕ ಹಾಕಿದೆ. 8 ಟ್ರ್ಯಾಕ್, 48 ಕಿಲೋಹರ್ಟ್ಸ್, 24 ಬಿಟ್. ಸೆಕೆಂಡಿಗೆ ಸುಮಾರು 1.15 ಎಂಬಿ ಅಷ್ಟೇ! ಹಳೆಯ 5400 ಆರ್‌ಪಿಎಂ ಹಾರ್ಡ್ ಡಿಸ್ಕ್ ಕೂಡ ಇದರ ಹತ್ತಾರು ಪಟ್ಟು ಬರೆಯುತ್ತದೆ. ಹಾಗಾದರೆ ವೇಗ ಸಾಲದೆ ನಿಲ್ಲುತ್ತಿಲ್ಲ, ಅಲ್ವಾ?

ಟಾಸ್ಕ್ ಮ್ಯಾನೇಜರ್ (ಡಿಸ್ಕ್ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಕಿಟಕಿ) ತೆರೆದಿಟ್ಟು, ಸುಮ್ನೆ ಖಾಲಿ ಮೈಕ್ ರೆಕಾರ್ಡ್ ಮಾಡುತ್ತಾ ಕೂತೆ. ಹದಿನೆಂಟನೇ ನಿಮಿಷಕ್ಕೆ ಡಿಸ್ಕ್ ಗೆರೆ 100%ಗೆ ಏರಿ ಅಲ್ಲೇ ನಿಂತಿತು. ಆಂಟಿವೈರಸ್ ಸ್ಕ್ಯಾನ್ ಶುರುವಾಗಿತ್ತು, ಜೊತೆಗೆ ಅಪ್‌ಡೇಟ್ ಇಳಿಯುತ್ತಿತ್ತು. ಡಿಸ್ಕಿನಲ್ಲಿ ಓದಿ ಬರೆಯುವ ಹೆಡ್ ಅಲ್ಲಿಗೂ ಇಲ್ಲಿಗೂ ಓಡುವಷ್ಟರಲ್ಲಿ ಬಫರ್ (ಡಿಸ್ಕಿಗೆ ಬರೆಯುವ ಮೊದಲು ಧ್ವನಿ ಸ್ವಲ್ಪ ಹೊತ್ತು ಕಾಯುವ ಜಾಗ) ತುಂಬಿ ಚೆಲ್ಲುತ್ತಿತ್ತು.

ರೆಕಾರ್ಡಿಂಗ್ ಫೋಲ್ಡರನ್ನು ಸ್ಕ್ಯಾನಿನಿಂದ ಹೊರಗಿಟ್ಟೆ, ವೈಫೈ ಆಫ್ ಮಾಡಿದೆ. ಆಡಿಯೋ ಮಾತ್ರ ಒಂದು ಯುಎಸ್‌ಬಿ ಎಸ್‌ಎಸ್‌ಡಿಗೆ (ತಿರುಗುವ ಭಾಗಗಳಿಲ್ಲದ ಡ್ರೈವ್) ಹೋಗುವಂತೆ ಮಾಡಿದೆ. ಜಾಸ್ತಿ ಫಲ ಕೊಟ್ಟಿದ್ದು ಇದೇ ಅಂತ ನನಗನಿಸುತ್ತದೆ. ಆಡಿಯೋ ಸೆಟ್ಟಿಂಗಿನಲ್ಲಿ ಬಫರ್ 128ರಿಂದ 512 ಸ್ಯಾಂಪಲ್ ಮಾಡಿದೆ. ಹಾಡುವವರು ಹೆಡ್‌ಫೋನ್ ಹಾಕುವುದಿಲ್ಲ, ಹಾಗಾಗಿ ಇದರಿಂದ ಧ್ವನಿ ವಾಪಸ್ ಕೇಳಿಸುವುದು ತಡವಾದರೂ ತೊಂದರೆಯಿಲ್ಲ.

ಶನಿವಾರ ರಾತ್ರಿ ಎರಡೂವರೆ ಗಂಟೆ ಸತತವಾಗಿ ರೆಕಾರ್ಡ್ ಆಯಿತು. ಹಿಂದೆ ಎರಡು ಸಲ ಅರ್ಧಕ್ಕೇ ತುಂಡಾಗಿದ್ದ ಅಜ್ಜಿಯೊಬ್ಬರ ಪದ ಈ ಸಲ ಪೂರ್ತಿ ಸಿಕ್ಕಿದೆ, ಕೊನೆಯ ತಾಳದ ಗುಂಗಿನ ಸಮೇತ. ಸಹಾಯ ಮಾಡಿದ ಎಲ್ಲರಿಗೂ ಮನಸಾರೆ ಧನ್ಯವಾದ.