ಡಕ್ಟ್‌ನಲ್ಲಿ ಸ್ಮೋಕ್ ಡಿಟೆಕ್ಟರ್ ಇದ್ದರೆ ಚಾವಣಿಯಲ್ಲಿ ಬೇಡವೇ?

ಪ್ರಶ್ನೆ: ನಮ್ಮ ಕಾರ್ಖಾನೆಯ ಏರ್ ಹ್ಯಾಂಡ್ಲಿಂಗ್ ಯೂನಿಟ್‌ನ (ಕಟ್ಟಡಕ್ಕೆ ಗಾಳಿ ಪೂರೈಸುವ ಯಂತ್ರ) ಡಕ್ಟ್‌ಗೆ (ಗಾಳಿ ಸಾಗುವ ಕೊಳವೆ) ಸ್ಮೋಕ್ ಡಿಟೆಕ್ಟರ್ (ಹೊಗೆ ಪತ್ತೆಹಚ್ಚುವ ಸಾಧನ) ಅಳವಡಿಸಲಾಗುತ್ತಿದೆ. ಇಡೀ ಕಟ್ಟಡದ ಗಾಳಿ ಅದರ ಮೂಲಕವೇ ಹಾದುಹೋಗುವುದರಿಂದ ಚಾವಣಿಯ ಡಿಟೆಕ್ಟರ್‌ಗಳನ್ನು ಕೈಬಿಡಬಹುದೆಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಇದು ಸರಿಯೇ? ಡಕ್ಟ್‌ನ ಗಾಳಿಯನ್ನು ಡಿಟೆಕ್ಟರ್‌ಗೆ ಒಯ್ಯುವ ಸ್ಯಾಂಪ್ಲಿಂಗ್ ಟ್ಯೂಬನ್ನು ಡಕ್ಟ್ ತಿರುಗುವ ಬೆಂಡ್‌ನ ಪಕ್ಕದಲ್ಲೇ ಇಡಬಹುದೇ?

ಉತ್ತರ 1: ದಯವಿಟ್ಟು ಕೈಬಿಡಬೇಡಿ. ಹೊಗೆ ಸುಳಿದೊಡನೆ ಫ್ಯಾನ್ ನಿಲ್ಲಿಸಿ, ಡ್ಯಾಂಪರ್‌ಗಳನ್ನು (ಡಕ್ಟ್‌ನೊಳಗೆ ಗಾಳಿ ತಡೆಯುವ ಬಾಗಿಲುಗಳು) ಮುಚ್ಚಿಸಿ, ಒಂದು ಭಾಗದ ಹೊಗೆ ಇನ್ನೊಂದೆಡೆಗೆ ಹರಡದಂತೆ ತಡೆಯುವುದಷ್ಟೇ ಡಕ್ಟ್ ಡಿಟೆಕ್ಟರ್‌ನ ಕೆಲಸ. ಫ್ಯಾನ್ ನಿಂತಿರುವಾಗ ಟ್ಯೂಬಿನೊಳಗೆ ಗಾಳಿಯೇ ಹರಿಯದ ಕಾರಣ ಅದು ಕುರುಡಾಗಿರುತ್ತದೆ. ಫ್ಯಾನ್ ಓಡುತ್ತಿರುವಾಗಲೂ ಹಲವು ಕೋಣೆಗಳ ಶುದ್ಧ ಗಾಳಿ ಬೆರೆತು ಹೊಗೆ ತೆಳುವಾಗುವುದರಿಂದ, ಬೆಂಕಿಯ ಸುಳಿವು ತಡವಾಗಿ ಸಿಗುತ್ತದೆ. ಜೀವರಕ್ಷಣೆಯನ್ನು ಅದೊಂದಕ್ಕೇ ಒಪ್ಪಿಸುವುದು ಅಪಾಯಕರ.

ಉತ್ತರ 2: ಬೆಂಡ್‌ನ ಬಳಿ ಗಾಳಿ ಸುತ್ತಿ ಸುಳಿಯುವುದರಿಂದ ಹೊಗೆ ಸಮನಾಗಿ ಬೆರೆತಿರುವುದಿಲ್ಲ. ಡಕ್ಟ್‌ನ ಅಗಲದ 6 ಪಟ್ಟು ನೇರ ಅಂತರ ಬಿಡುವುದು ರೂಢಿ. ಸಪ್ಲೈ ಬದಿಯಲ್ಲಾದರೆ (ಕೋಣೆಗಳಿಗೆ ಗಾಳಿ ಕಳಿಸುವ ಕಡೆ) ಫಿಲ್ಟರ್‌ನ ನಂತರವೇ ಇರಲಿ, ಏಕೆಂದರೆ ಫಿಲ್ಟರೇ ಹೊತ್ತಿಕೊಳ್ಳಬಹುದು. ಸ್ಯಾಂಪ್ಲಿಂಗ್ ಟ್ಯೂಬಿನ ರಂಧ್ರಗಳು ಗಾಳಿ ಬರುವ ದಿಕ್ಕಿಗೆ ಎದುರಾಗಿವೆಯೇ ಎಂಬುದನ್ನು ಖುದ್ದಾಗಿ ನೋಡಿ. ತಿರುಗುಮುರುಗಾಗಿ ಜೋಡಿಸಿದ್ದನ್ನು ನಾನೇ ಕಂಡಿದ್ದೇನೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಜೋಡಣೆಯ ನಂತರ ಪರೀಕ್ಷೆ ಹೇಗೆ?

ಉತ್ತರ 2: ಫ್ಯಾನ್ ಓಡುತ್ತಿರುವಾಗ ಗಾಳಿ ಒಳಬರುವ ಸ್ಯಾಂಪ್ಲಿಂಗ್ ಟ್ಯೂಬ್ ಮತ್ತು ಅದು ಹೊರಹೋಗುವ ಟ್ಯೂಬ್‌ಗಳ ನಡುವಿನ ಒತ್ತಡದ ವ್ಯತ್ಯಾಸವನ್ನು ಮ್ಯಾನೋಮೀಟರ್‌ನಿಂದ ಅಳೆದು, ತಯಾರಕರ ಕೈಪಿಡಿಯ ಮಿತಿಯೊಂದಿಗೆ ಹೋಲಿಸಿ.