[ಪದಚರ್ಚೆ] ‘ಅಪ್‌ಲೋಡ್’ಗೆ ಕನ್ನಡದಲ್ಲಿ ಏನನ್ನೋಣ? ತುರ್ತು

ಎಲ್ಲರಿಗೂ ನಮಸ್ಕಾರ.

ವೆಬ್ ಪ್ರೋಗ್ರಾಮಿಂಗ್ ಈಗಷ್ಟೇ ಕಲಿಯುತ್ತಿರುವವರಿಗಾಗಿ ಬರೆದ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬಳಕೆದಾರರು ಫಾರಂನಲ್ಲಿ ಫೈಲ್ ಆರಿಸಿ ಕಳಿಸಿದಾಗ ಸರ್ವರಿನಲ್ಲಿರುವ, ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಅದನ್ನು ಏನು ಮಾಡಬೇಕು ಅನ್ನುವುದು ವಿಷಯ. ನಾಳೆ ಬೆಳಗ್ಗೆ ಪುಟವಿನ್ಯಾಸಕ್ಕೆ ಹೋಗಲೇಬೇಕು. ‘ಅಪ್‌ಲೋಡ್’ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಬಟನ್ ಮೇಲೆ ಒಂದು ಪದ ಬೇಕು, ಪಾಠದೊಳಗೆ ಕ್ರಿಯಾಪದವಾಗಿ ಬೇಕು, ಎಡವಟ್ಟಾದಾಗ ತೋರಿಸುವ ಸಂದೇಶಗಳಲ್ಲೂ ಬೇಕು. ಸದ್ಯದ ಕರಡಿನ ಒಂದು ವಾಕ್ಯ:

‘ಅಪ್‌ಲೋಡ್ ಮಾಡಲ್ಪಟ್ಟ ಫೈಲ್ ಅನ್ನು ತಾತ್ಕಾಲಿಕ ಫೋಲ್ಡರ್‌ನಿಂದ ಶಾಶ್ವತ ಸ್ಥಳಕ್ಕೆ ವರ್ಗಾಯಿಸದಿದ್ದಲ್ಲಿ ಅದು ಅಳಿಸಲ್ಪಡುತ್ತದೆ.’

ಓದಿದರೆ ನನಗೇ ಉಸಿರು ಕಟ್ಟುತ್ತದೆ. ದಯವಿಟ್ಟು ಇವತ್ತೇ ಹೇಳಿ.

– ಶ.

*

‘ಏರಿಸು’. ‘ಇಳಿಸು’ಗೆ ಜೋಡಿ ಇದೆ, ಜನರ ಬಾಯಲ್ಲೂ ಇದೆ. ಇದರಲ್ಲಿ ಚರ್ಚೆ ಏನಿದೆಯೋ ನನಗಂತೂ ತಿಳಿಯಲಿಲ್ಲ.

‘ಮಾಡಲ್ಪಟ್ಟ’, ‘ಅಳಿಸಲ್ಪಡುತ್ತದೆ’ ಎರಡನ್ನೂ ಕಿತ್ತು ಬಿಸಾಡಿ. ‘ಏರಿಸಿದ ಫೈಲನ್ನು ಬೇರೆ ಕಡೆ ಸಾಗಿಸದಿದ್ದರೆ ಅದು ಅಳಿಸಿಹೋಗುತ್ತದೆ.’ ಮುಗಿಯಿತು.

– ಗೌ.

*

ಹೀಗೆ ಸಲೀಸಾಗಿ ಮುಗಿಸಿಬಿಡುವ ಮೊದಲು ಪದದ ಬೇರು ನೋಡಬೇಡವೇ? ಇಂಗ್ಲಿಷಿನ ‘ಲೋಡ್’ ಅಂದರೆ ಹೊರೆ. ‘ಅಪ್’ ಅಷ್ಟನ್ನೇ ಕನ್ನಡಿಸಿ ‘ಲೋಡ್’ ಅನ್ನು ನಡುದಾರಿಯಲ್ಲಿ ಬಿಟ್ಟುಬಂದದ್ದು ಈ ‘ಏರಿಸು’. ಹೊರೆ ಹಾಕುವುದಕ್ಕೆ ನಮ್ಮಲ್ಲಿ ‘ಹೇರು’ ಇದೆ, ಹಳಗನ್ನಡದ ‘ಪೇಱು’. ಪಕಾರ ಹಕಾರವಾದದ್ದು ಎಲ್ಲರಿಗೂ ಗೊತ್ತು. ಅದರ ಎರಡನೆಯ ಅಕ್ಷರ ಶಕಟರೇಫೆ, ಅಂದರೆ ಈಗ ಬಳಕೆ ತಪ್ಪಿದ ಹಳೆಯ ‘ಱ’, ಎಂಬುದು ಇಲ್ಲಿ ಎಷ್ಟು ಮಂದಿಗೆ ನೆನಪಿದೆಯೋ. ಮೇಲೆ ಹತ್ತುವ ‘ಏಱು’ ಕೂಡ ಶಕಟರೇಫೆಯದೇ. ನೇಗಿಲಿನ ‘ಏರ್’ ಮಾತ್ರ ಸಾದಾ ರೇಫೆಯದು. ಎಲ್ಲವನ್ನೂ ಒಂದೇ ‘ರ’ಕಾರದಲ್ಲಿ ಬರೆಯಲು ಹೊರಟ ಮೇಲೆ ಬೇರುಗಳು ಮಸುಕಾದವು.

ನನ್ನ ಸಲಹೆ: ‘ಮೇಲ್‌ಹೇರು’. ನಾಮಪದ ‘ಮೇಲ್‌ಹೇರಿಕೆ’. ಮತ್ತು ‘ಫೈಲ್’ ಅಲ್ಲ, ‘ಕಡತ’.

– ರಾ.

*

> ನಾಮಪದ ‘ಮೇಲ್‌ಹೇರಿಕೆ’

ರಾಯರೇ, ‘ನಿಮ್ಮ ಭಾವಚಿತ್ರ ಹೇರಿ’ ಅಂತ ಬಟನ್ ಮೇಲೆ ಬರೆಯೋಣವೇ? ತೆರಿಗೆ ಹೇರುತ್ತಾರೆ, ನಿಷೇಧ ಹೇರುತ್ತಾರೆ, ಭಾಷೆ ಹೇರುತ್ತಾರೆ. ‘ಹೇರಿಕೆ’ ಅಂದರೆ ಸಾಕು, ಇವತ್ತು ಕನ್ನಡಿಗರಿಗೆ ಮೈ ಉರಿಯುತ್ತದೆ. ಶಕಟರೇಫೆ ಯೂನಿಕೋಡಿನಲ್ಲಿದೆ, ಬೇಕಾದವರು ಟೈಪ್ ಮಾಡಬಹುದು. ಆದರೆ ಪಾಠ ಬರೆಯುತ್ತಿರುವುದು ಪಿಎಚ್‌ಪಿ ಕಲಿಯುವವರಿಗೆ, ಶಾಸನ ಓದುವವರಿಗಲ್ಲ.

– ಗೌ.

*

ನಾನು ವೃತ್ತಿಯಿಂದ ವೆಬ್ ಪ್ರೋಗ್ರಾಂ ಬರೆಯುವವನು, ವ್ಯಾಕರಣದವನಲ್ಲ. ಆದರೂ ಹೇಳುತ್ತೇನೆ: ನೀವೆಲ್ಲ ಬ್ರೌಸರಿನ ಮುಂದೆ ಕೂತು ಪದ ಹುಡುಕುತ್ತಿದ್ದೀರಿ. ಶ. ಮೇಡಂ ಪಾಠ ನಿಂತಿರುವುದು ಸರ್ವರ್ ಕಡೆ. ಅಲ್ಲಿಂದ ನೋಡಿದರೆ ಯಾವುದೂ ಮೇಲೆ ಏರುವುದಿಲ್ಲ. ಒಂದು ಫೈಲು ಬರುತ್ತದೆ, ಅಷ್ಟೇ.

ಇಂಗ್ಲಿಷಿನಲ್ಲಿ ಒಂದೇ ‘ಅಪ್‌ಲೋಡ್’ ಮೂರು ಕೆಲಸಕ್ಕೆ ದುಡಿಯುತ್ತದೆ, ಹೊಸಬರು ಮುಗ್ಗರಿಸುವುದು ಅಲ್ಲೇ. ಮೊದಲನೆಯದು ಕಳಿಸುವುದು. ಫಾರಂ ಪೋಸ್ಟ್ ವಿಧಾನದಲ್ಲಿರಬೇಕು, ಅದರ ಎನ್‌ಕ್‌ಟೈಪ್, ಅಂದರೆ ಮಾಹಿತಿಯನ್ನು ಯಾವ ರೂಪದಲ್ಲಿ ಕಳಿಸಬೇಕು ಎಂದು ಹೇಳುವ ಗುಣ, ‘ಮಲ್ಟಿಪಾರ್ಟ್/ಫಾರ್ಮ್-ಡೇಟಾ’ ಆಗಿರಬೇಕು. ಆ ಒಂದು ಸಾಲು ಮರೆತರೆ ಫೈಲಿನ ಹೆಸರು ಮಾತ್ರ ಸರ್ವರಿಗೆ ಹೋಗುತ್ತದೆ, ಒಳಗಿನದು ಹೋಗುವುದಿಲ್ಲ. ಕಲಿಯುವವರು ಗಂಟೆಗಟ್ಟಲೆ ತಲೆ ಕೆರೆದುಕೊಳ್ಳುವ ಜಾಗ ಇದು. ಈ ಬಗೆಯ ಫಾರಂ ಬಂದದ್ದು 1995ರ ಆರ್‌ಎಫ್‌ಸಿ 1867 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಿಂದ. ಅದಕ್ಕೂ ಮುಂಚೆ ಬ್ರೌಸರಿನಿಂದ ಫೈಲು ಕಳಿಸಲು ಎಚ್‌ಟಿಎಂಎಲ್‌ನಲ್ಲಿ ದಾರಿಯೇ ಇರಲಿಲ್ಲ.

ಎರಡನೆಯದು ಬಂದು ಬೀಳುವುದು. ಪಿಎಚ್‌ಪಿ ಅದನ್ನು ತನ್ನದೇ ಒಂದು ಗೊತ್ತುಗುರಿಯಿಲ್ಲದ ಹೆಸರು ಕೊಟ್ಟು ತಾತ್ಕಾಲಿಕ ಫೋಲ್ಡರಿನಲ್ಲಿ ಇಡುತ್ತದೆ. ನಿಮ್ಮ ಪ್ರೋಗ್ರಾಂ ಓಡಲು ಶುರುವಾಗುವ ಹೊತ್ತಿಗೆ ಫೈಲು ಆಗಲೇ ಅಲ್ಲಿ ಬಂದಿರುತ್ತದೆ. ಮೂರನೆಯದು ಉಳಿಸಿಕೊಳ್ಳುವುದು. ಅದು ಪ್ರೋಗ್ರಾಂ ಬರೆದವರ ಕೆಲಸ: ‘ಮೂವ್_ಅಪ್‌ಲೋಡೆಡ್_ಫೈಲ್’ ಎಂಬ ಪಿಎಚ್‌ಪಿ ಫಂಕ್ಷನ್ ಬಳಸಿ ಬೇಕಾದ ಕಡೆ ಸಾಗಿಸಬೇಕು. ಸಾಗಿಸದಿದ್ದರೆ, ಬ್ರೌಸರಿನಿಂದ ಬಂದ ಆ ಕೋರಿಕೆ (ರಿಕ್ವೆಸ್ಟ್) ಮುಗಿದ ತಕ್ಷಣ ಪಿಎಚ್‌ಪಿಯೇ ಅಳಿಸಿಹಾಕುತ್ತದೆ. ‘ಏರಿಸಿದೆ, ಎಲ್ಲಿ ಹೋಯಿತು?’ ಎಂದು ಕೇಳುವವರಿಗೆ ಉತ್ತರ ಇದೇ. ಅದು ಬಂದಿತ್ತು, ನೀವು ಉಳಿಸಿಕೊಳ್ಳಲಿಲ್ಲ.

ಹಾಗಾಗಿ ನನ್ನ ಮಟ್ಟಿಗೆ ಪಾಠದಲ್ಲಿ ಒಂದಲ್ಲ, ಮೂರು ಕ್ರಿಯಾಪದ ಬೇಕು: ಕಳಿಸು, ಬರು, ಉಳಿಸಿಕೊ. ‘ಅಪ್‌ಲೋಡೆಡ್ ಫೈಲ್’ ಅಂದರೆ ‘ಬಂದ ಫೈಲು’.

– ಮ.

*

ಮ. ಅವರು ಹೇಳಿದ್ದು ಸರಿ ಅನಿಸುತ್ತಿದೆ. ಹಾಗಾದರೆ ತಪ್ಪಿನ ಸಂದೇಶಗಳು? ಮೂಲದಲ್ಲಿ ಎಲ್ಲಕ್ಕೂ ‘ಅಪ್‌ಲೋಡ್ ವಿಫಲ’ ಎಂಬ ಧಾಟಿ ಇದೆ. ಮತ್ತೆ, ‘ಫೈಲ್ ಟೈಪ್’ಗೆ ‘ಕಡತದ ಪ್ರಕಾರ’ ಎಂದು ಹಾಕಿದ್ದೇನೆ, ಸಾಕೇ?

– ಶ.

*

‘ವಿಫಲ’ ಒಂದೇ ಸಾಲದು. ಪಿಎಚ್‌ಪಿ ಕೊಡುವ ತಪ್ಪಿನ ಸಂಖ್ಯೆಗಳು ಬೇರೆಬೇರೆ ಮಾತು ಹೇಳುತ್ತವೆ. 1 ಬಂದರೆ ಸರ್ವರ್ ಇಟ್ಟ ಮಿತಿ ಮೀರಿದೆ. 2 ಬಂದರೆ ಫಾರಂನಲ್ಲೇ ಬರೆದಿಟ್ಟ ಮಿತಿ ಮೀರಿದೆ. 3 ಅಂದರೆ ಅರ್ಧಂಬರ್ಧ ಬಂದಿದೆ. 4 ಅಂದರೆ ಕಳಿಸಿದವರು ಫೈಲನ್ನೇ ಆರಿಸಿಲ್ಲ, ಇದನ್ನು ‘ವಿಫಲ’ ಅನ್ನುವುದು ಅನ್ಯಾಯ. ಮೊದಲೆರಡಕ್ಕೆ ‘ಫೈಲು ತುಂಬಾ ದೊಡ್ಡದಿದೆ’, ಮೂರಕ್ಕೆ ‘ಫೈಲು ಪೂರ್ತಿ ಬರಲಿಲ್ಲ’, ನಾಲ್ಕಕ್ಕೆ ‘ಫೈಲು ಆರಿಸಿಲ್ಲ’. ಎಲ್ಲಿಯೂ ‘ಏರು’ ಬೇಕಾಗಲಿಲ್ಲ, ನೋಡಿ.

ಮಿತಿಯ ಬಗ್ಗೆ ಇನ್ನೊಂದು. ಒಂದು ಫೈಲಿನ ಮಿತಿ ಬೇರೆ, ಇಡೀ ಕೋರಿಕೆಯ ಮಿತಿ ಬೇರೆ. ಪಿಎಚ್‌ಪಿಯ ಸೆಟ್ಟಿಂಗ್ ಬದಲಿಸದೆ ಹಾಗೇ ಬಿಟ್ಟರೆ ಮೊದಲನೆಯದು 2 ಎಂಬಿ, ಎರಡನೆಯದು 8 ಎಂಬಿ. ಎರಡನೆಯದು ಮೀರಿದರೆ ತಪ್ಪಿನ ಸಂಖ್ಯೆಯೂ ಸಿಗುವುದಿಲ್ಲ, ಫಾರಂನ ಎಲ್ಲ ಮಾಹಿತಿಯೂ ಖಾಲಿಯಾಗಿ ಬರುತ್ತದೆ. ಪಿಎಚ್‌ಪಿಯ ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ಇದ್ದರೆ, ಹಾಗೇ ಬಿಟ್ಟಾಗ ಅದರ ಮಿತಿ 1 ಎಂಬಿ. ಅದು 413 (‘ತುಂಬಾ ದೊಡ್ಡದು’ ಎನ್ನುವ ವೆಬ್ ಸಂಕೇತ) ಎಂದು ಹೇಳಿ ಬಾಗಿಲಲ್ಲೇ ವಾಪಸ್ ಕಳಿಸುತ್ತದೆ, ಪಿಎಚ್‌ಪಿವರೆಗೆ ಸುದ್ದಿಯೇ ಮುಟ್ಟುವುದಿಲ್ಲ. ಎಲ್ಲಕ್ಕೂ ‘ಗರಿಷ್ಠ ಗಾತ್ರ’ ಎಂದು ಬರೆದರೆ ಓದುವವರಿಗೆ ಯಾರ ಮಿತಿ ಎಂಬುದೇ ಗೊತ್ತಾಗದು.

‘ಪ್ರಕಾರ’ದ ವಿಷಯದಲ್ಲಿ ಹುಷಾರು. ಪಿಎಚ್‌ಪಿ ಕೊಡುವ ಆ ಮಾಹಿತಿ ಫೈಲಿನ ಪ್ರಕಾರವಲ್ಲ, ಬ್ರೌಸರ್ ಹೇಳಿಕೊಂಡ ಪ್ರಕಾರ. ಕಳಿಸುವವರು ಏನು ಬೇಕಾದರೂ ಹೇಳಬಹುದು. ಒಳಗಿರುವುದು ನಿಜವಾಗಿ ಚಿತ್ರವೇ ಎಂದು ಸರ್ವರಿನಲ್ಲೇ ತೆರೆದು ನೋಡಬೇಕು. ಹೆಸರೂ ಅಷ್ಟೇ, ಕಳಿಸಿದವರ ಹೇಳಿಕೆ. ಆ ಹೆಸರಲ್ಲೇ ಉಳಿಸಿಕೊಂಡು, ಅದು ‘.ಪಿಎಚ್‌ಪಿ’ ಎಂದು ಮುಗಿಯುತ್ತಿದ್ದು, ವೆಬ್‌ಗೆ ತೆರೆದಿರುವ ಫೋಲ್ಡರಿನಲ್ಲಿ ಇಟ್ಟರೆ ಯಾರೋ ಬರೆದ ಪ್ರೋಗ್ರಾಂ ನಿಮ್ಮ ಸರ್ವರಿನಲ್ಲಿ ಓಡುತ್ತದೆ. ‘ಹೇಳಿದ ಹೆಸರು’, ‘ಹೇಳಿದ ಪ್ರಕಾರ’ ಎಂದೇ ಬರೆಯಿರಿ. ಪದ ಸರಿಯಾಗಿದ್ದರೆ ಅರ್ಧ ಎಚ್ಚರಿಕೆ ಅದರಲ್ಲೇ ಬಂದುಬಿಡುತ್ತದೆ.

– ಮ.

*

ಒಪ್ಪಿದೆ. ಬಟನ್ ಮಾತ್ರ ‘ಏರಿಸಿ’ ಇರಲಿ.

– ಗೌ.

*

‘ಏರಿಸಿ’ ಅಲ್ಲ, ‘ಏರಿಸು’. ಬಟನ್ ಒತ್ತುವಾಗ ಜನ ಯಂತ್ರಕ್ಕೆ ಹೇಳುತ್ತಿದ್ದಾರೆ. ಯಂತ್ರಕ್ಕೆ ಯಾಕೆ ಬಹುವಚನ? ಪಕ್ಕದ ಸೂಚನೆಯಲ್ಲಿ ಪುಟ ಜನರಿಗೆ ಹೇಳುತ್ತಿದೆ, ಅಲ್ಲಿ ‘ಫೈಲು ಆರಿಸಿ’. ಎರಡನ್ನೂ ಕಲಸಿ ಬರೆದರೆ ಯಾರು ಯಾರಿಗೆ ಹೇಳಿದ್ದು ಎಂಬುದೇ ಅಯೋಮಯ.

– ಕ.

*

ತೆರೆಯ ಮೇಲೆ ‘ಏರಿಸು’ ನೋಡಿದವರಿಗೆ ತಮ್ಮನ್ನೇ ಯಾರೋ ಏಕವಚನದಲ್ಲಿ ಗದರಿದ ಹಾಗೆ ಕೇಳಿಸುತ್ತದೆ. ನಿಮ್ಮ ತರ್ಕ ನಿಮ್ಮ ಹತ್ತಿರವೇ ಇರಲಿ.

– ಗೌ.

*

ಅದಕ್ಕಿಂತ ದೊಡ್ಡ ತೊಂದರೆ ಕರಡಿನಲ್ಲೇ ಇದೆ, ಯಾರೂ ನೋಡಿಲ್ಲ. ‘ಫೈಲ್ ಅನ್ನು’. ಕನ್ನಡದಲ್ಲಿ ವಿಭಕ್ತಿ ಯಾವತ್ತಿನಿಂದ ಬಿಡಿ ಪದವಾಯಿತು? ಫೈಲು, ಫೈಲನ್ನು, ಫೈಲಿಗೆ, ಫೈಲಿನಿಂದ. ಕೊನೆಗೆ ಒಂದು ಉಕಾರ ಹಚ್ಚಿದರೆ ಎರವಲು ಪದವೂ ಮನೆಯದಾಗುತ್ತದೆ. ಬಸ್ಸಿಗೆ, ಕಾರಿಗೆ ಅನ್ನುವ ನಾವು ‘ಫೈಲ್ ಗೆ’ ಅನ್ನಬೇಕೇ?

ಪ್ರೋಗ್ರಾಂ ಬರೆಯುವವರು ಹೀಗೆ ಮಾಡುವುದಕ್ಕೆ ಕಾರಣ ಗೊತ್ತು. ಸಂದೇಶದ ನಡುವೆ ಫೈಲಿನ ಹೆಸರಿಗೆ ಖಾಲಿ ಜಾಗ ಬಿಟ್ಟು, ಮುಂದೆ ‘ಅನ್ನು ಏರಿಸಲಾಗಲಿಲ್ಲ’ ಎಂದು ಅಂಟಿಸುತ್ತಾರೆ. ಬಂದದ್ದು ‘ಫೋಟೋ.ಜೆಪಿಜಿ’ ಆದರೆ ‘ಫೋಟೋ.ಜೆಪಿಜಿ ಅನ್ನು ಏರಿಸಲಾಗಲಿಲ್ಲ’. ಹೆಸರಿನ ಕೊನೆ ಯಾವ ಅಕ್ಷರವೋ ಮುಂಚೆಯೇ ಗೊತ್ತಿಲ್ಲ, ಸಂಧಿ ಮಾಡುವಂತಿಲ್ಲ. ಹಾಗಿದ್ದರೆ ವಿಭಕ್ತಿಯೇ ಬೇಡದ ವಾಕ್ಯ ಕಟ್ಟಿ: ‘ಫೋಟೋ.ಜೆಪಿಜಿ ಎಂಬ ಫೈಲು ಬರಲಿಲ್ಲ.’ ಯಾವ ಹೆಸರು ಬಂದರೂ ಕೂರುತ್ತದೆ.

– ಕ.

*

ಇದನ್ನು ನಾನು ಎಂದೋ ಕೇಳಬೇಕಿತ್ತು! ಹದಿನೈದು ಸಂದೇಶ ತಿದ್ದಲು ಕೂತೆ.

– ಶ.

*

ಎಲ್ಲರೂ ‘ಫೈಲು’ ‘ಫೈಲು’ ಎಂದು ಸಂಭ್ರಮಿಸುತ್ತಿದ್ದೀರಿ. ‘ಕಡತ’ ಏನು ಪಾಪ ಮಾಡಿತ್ತು? ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು, ಒಣಗಿಸಿ, ಮಡಚಿ ಮಾಡಿದ ಲೆಕ್ಕದ ಪುಸ್ತಕ ಕಡತ. ಬಳಪದಲ್ಲಿ ಬರೆಯುತ್ತಿದ್ದರು, ಒರೆಸಿ ಮತ್ತೆ ಬರೆಯುತ್ತಿದ್ದರು. ಬರೆದು, ಅಳಿಸಿ, ತಿದ್ದುವ ಗಣಕದ ವಸ್ತುವಿಗೆ ಇದಕ್ಕಿಂತ ಒಪ್ಪುವ ಪದ ಬೇಕೇ? 1894ರ ಕಿಟೆಲ್ ನಿಘಂಟನ್ನಾದರೂ ಒಮ್ಮೆ ತೆರೆಯಿರಿ.

– ರಾ.

*

ಪದದ ಚರಿತ್ರೆ ಚೆನ್ನಾಗಿದೆ. ಆದರೆ ಇವತ್ತು ಕಚೇರಿಯಲ್ಲಿ ‘ಕಡತ’ ಅಂದರೆ ದಾರ ಕಟ್ಟಿದ ಕಾಗದಗಳ ಕಟ್ಟು. ಗಣಕದ ಭಾಷೆಯಲ್ಲಿ ಅದು ಫೋಲ್ಡರಿಗೆ ಹತ್ತಿರ. ‘ಕಡತವನ್ನು ಕಡತಕೋಶಕ್ಕೆ ಸಾಗಿಸಿ’ ಎಂದು ಓದಿದ ಹೊಸಬರು ಯಾವುದರೊಳಗೆ ಯಾವುದು ಎಂದು ತಿಣುಕುತ್ತಾರೆ.

ಬೇರು ಹಿಡಿದರೆ ‘ಫೈಲ್’ ಕೂಡ ದಾರವೇ. ಲ್ಯಾಟಿನ್ನಿನ ‘ಫೀಲುಂ’, ಕಾಗದ ಪೋಣಿಸಿಡುವ ದಾರ.

– ಕ.

*

ಲ್ಯಾಟಿನ್ ದಾರ ಬೇಕು, ಕನ್ನಡದ ಬಟ್ಟೆ ಬೇಡ. ಸೊಗಸು. ಹೀಗೇ ಮುಂದುವರಿದರೆ ಕನ್ನಡದಲ್ಲಿ ಉಳಿಯುವುದು ಪ್ರತ್ಯಯಗಳು ಮಾತ್ರ.

– ರಾ.

*

ಪ್ರತ್ಯಯ ಉಳಿದರೆ ಭಾಷೆ ಉಳಿದ ಹಾಗೆಯೇ, ರಾಯರೇ. ‘ಅರ್ಜಿ’, ‘ದಾಖಲೆ’, ‘ಜಮಾ’ ಅರಬ್ಬಿಯಿಂದ ಬಂದವು. ‘ಕಾಗದ’ ಪಾರಸಿಯದು. ನಿಮ್ಮ ‘ಗಣಕ’ ಸಂಸ್ಕೃತದ್ದು, ಅದಕ್ಕೆ ಮಾತ್ರ ರಹದಾರಿ ಬೇಡವೇ? ಅಚ್ಚಗನ್ನಡವೇ ಬೇಕೆಂದರೆ ಕಂಪ್ಯೂಟರಿಗೆ ‘ಎಣ್ಣುಕ’ ಅನ್ನಿ, ಇಂಟರ್ನೆಟ್ಟಿಗೆ ‘ಮಿಂಬಲೆ’ ಅನ್ನಿ, ಆಗ ಮಾತಾಡೋಣ. ಸಂಸ್ಕೃತಕ್ಕೆ ಹೆಬ್ಬಾಗಿಲು, ಇಂಗ್ಲಿಷಿಗೆ ಹಿಂಬಾಗಿಲೂ ಇಲ್ಲ ಎಂಬ ನ್ಯಾಯ ನನಗೆ ಒಪ್ಪಿಗೆಯಿಲ್ಲ.

– ಗೌ.

*

ತತ್ಸಮವನ್ನೂ ನಿನ್ನೆ ಮೊನ್ನೆಯ ಎರವಲನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರ ಜೊತೆ ವಾದ ಮಾಡಲಾರೆ.

– ರಾ.

*

ಜಗಳ ನಡೆಯಲಿ, ನನ್ನ ಪುಟ ಹೊರಟಿತು. ಪಾಠದಲ್ಲಿ ‘ಫೈಲು’ ಎಂದೇ ಇಟ್ಟು, ಮೊದಲ ಸಲ ಬಂದ ಕಡೆ ‘ಫೈಲು, ಅಂದರೆ ಕಡತ’ ಎಂದು ಸೇರಿಸಿದ್ದೇನೆ. ಬ್ರೌಸರ್ ‘ಕಳಿಸುತ್ತದೆ’, ಸರ್ವರಿಗೆ ‘ಬರುತ್ತದೆ’, ಪ್ರೋಗ್ರಾಂ ‘ಉಳಿಸಿಕೊಳ್ಳುತ್ತದೆ’. ‘ಅಪ್‌ಲೋಡ್’ ಶೀರ್ಷಿಕೆಯಲ್ಲಿ ಮಾತ್ರ ಉಳಿದಿದೆ, ಹುಡುಕಿಕೊಂಡು ಬರುವವರು ಆ ಪದವನ್ನೇ ಹುಡುಕುತ್ತಾರೆ. ಆ ವಾಕ್ಯ ಈಗ ಹೀಗಿದೆ:

‘ಬಂದ ಫೈಲು ಮೊದಲು ತಾತ್ಕಾಲಿಕ ಫೋಲ್ಡರಿನಲ್ಲಿರುತ್ತದೆ. ಅಲ್ಲಿಂದ ಸಾಗಿಸಿ ಉಳಿಸಿಕೊಳ್ಳದಿದ್ದರೆ ಪಿಎಚ್‌ಪಿ ಅದನ್ನು ಅಳಿಸಿಬಿಡುತ್ತದೆ.’

ಬಟನ್ ಮೇಲೆ ‘ಕಳಿಸು’. ಗೌ. ಅವರ ಕ್ಷಮೆ ಕೋರಿ.

– ಶ.

*

‘ಕಳಿಸು’ ಅಲ್ಲ, ‘ಕಳುಹಿಸು’. ಅಚ್ಚಿಗೆ ಹೋಗುವ ಮುಂಚೆ ತಿದ್ದಿ.

– ರಾ.