ಬಡತನವೇ ಹಿಟ್ಲರನನ್ನು ತಂದಿತೇ? 1930–33ರ ಜರ್ಮನಿಯ ಕುರಿತು ಒಂದು ಚರ್ಚೆ

ಪ್ರಹ್ಲಾದ:
ಹಿಟ್ಲರನ ಉದಯವನ್ನು ಅವನ ಮಾತಿನ ಮೋಡಿಯಿಂದಲೋ ಜರ್ಮನ್ನರ ಸ್ವಭಾವದಿಂದಲೋ ವಿವರಿಸಲು ನಾವು ಹೊರಡುತ್ತೇವೆ. ಅಂಕಿಅಂಶಗಳನ್ನು ನೋಡಿದರೆ ಅಷ್ಟು ಸುತ್ತಿ ಬಳಸುವ ಅಗತ್ಯ ನನಗೆ ಕಾಣುವುದಿಲ್ಲ. 1928ರ ಮೇ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಸಿಕ್ಕಿದ್ದು ಶೇ. 2.6ರಷ್ಟು ಮತ ಮತ್ತು 12 ಸ್ಥಾನ. ಮರುವರ್ಷದ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಷೇರುಪೇಟೆ ಕುಸಿಯಿತು, ಅಮೆರಿಕದಿಂದ ಬಂದಿದ್ದ ಅಲ್ಪಾವಧಿ ಸಾಲಗಳು ವಾಪಸಾದವು, ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. 1930ರ ಸೆಪ್ಟೆಂಬರ್‌ನಲ್ಲಿ ಅದೇ ಪಕ್ಷ ಶೇ. 18.3ಕ್ಕೂ, 1932ರ ಜುಲೈನಲ್ಲಿ ಶೇ. 37.3ಕ್ಕೂ ಏರಿ 230 ಸ್ಥಾನ ಗೆದ್ದಿತು. 1929ರ ಸೆಪ್ಟೆಂಬರ್‌ನಲ್ಲಿ ಸುಮಾರು 13 ಲಕ್ಷವಿದ್ದ ನೋಂದಾಯಿತ ನಿರುದ್ಯೋಗಿಗಳ ಸಂಖ್ಯೆ 1932ರ ಫೆಬ್ರವರಿಗೆ 61 ಲಕ್ಷ ಮುಟ್ಟಿತ್ತು. ಎರಡೂ ಗೆರೆಗಳು ಕೂಡಿಯೇ ಮೇಲೇರಿವೆ. ಹೊಟ್ಟೆಗಿಲ್ಲದವನ ಮುಂದೆ ಸಂವಿಧಾನದ ಪುಸ್ತಕ ಹಿಡಿದರೆ ಅವನು ಅದನ್ನು ತೆರೆದೂ ನೋಡುವುದಿಲ್ಲ ಎಂಬುದಷ್ಟೇ ಇದರ ಸಾರವೆಂದು ನನ್ನ ಅಭಿಪ್ರಾಯ.

ಶಾರದಾ:
ಪ್ರಹ್ಲಾದರೇ, ಗೆರೆಗಳು ಕೂಡಿ ಏರಿದ್ದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಅದೇ ಹೊತ್ತಿಗೆ ಅಮೆರಿಕದಲ್ಲಿಯೂ ದುಡಿಯುವವರ ಪೈಕಿ ಸುಮಾರು ಕಾಲುಭಾಗದಷ್ಟು ಜನರಿಗೆ ಕೆಲಸವಿರಲಿಲ್ಲ; 1933ರ ಮಾರ್ಚ್‌ನಲ್ಲಿ ಅಲ್ಲಿ ಅಧಿಕಾರ ವಹಿಸಿಕೊಂಡವರು ರೂಸ್‌ವೆಲ್ಟ್. ಬ್ರಿಟನ್ನಿನಲ್ಲಿ ಆಸ್ವಾಲ್ಡ್ ಮೋಸ್ಲಿ 1932ರಲ್ಲಿ ಫ್ಯಾಸಿಸ್ಟ್ ಪಕ್ಷ ಕಟ್ಟಿದ, ಅದು ಸಂಸತ್ತಿಗೆ ಒಬ್ಬನನ್ನೂ ಗೆಲ್ಲಿಸಿ ಕಳಿಸಲಾಗಲಿಲ್ಲ. ಸ್ವೀಡನ್ನಿನಲ್ಲಿ 1933ರಲ್ಲಿ ಸೋಷಿಯಲ್ ಡೆಮಾಕ್ರಾಟರೂ ರೈತರ ಪಕ್ಷದವರೂ ಒಟ್ಟಿಗೆ ಕುಳಿತು, ರೈತರ ಬೆಳೆಗೆ ಬೆಲೆಯ ರಕ್ಷಣೆ, ಪಟ್ಟಣದ ನಿರುದ್ಯೋಗಿಗಳಿಗೆ ಸರ್ಕಾರಿ ಕಾಮಗಾರಿ ಎಂದು ಕೊಟ್ಟು ತೆಗೆದುಕೊಂಡು ಬಿಕ್ಕಟ್ಟು ದಾಟಿದರು. ಬಡತನವೊಂದೇ ಸಾಕೆನ್ನುವುದಾದರೆ ಈ ಮೂರು ದೇಶಗಳನ್ನು ಎಲ್ಲಿಡುತ್ತೀರಿ?

ಜರ್ಮನಿಯೊಳಗೇ ಇನ್ನೊಂದು ಉದಾಹರಣೆಯಿದೆ. 1923ರ ನವೆಂಬರ್‌ನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ತೆರಬೇಕಿತ್ತು. ಜೀವಮಾನದ ಉಳಿತಾಯ ಒಂದು ರೊಟ್ಟಿಗೂ ಸಾಲದಂತಾಗಿತ್ತು. ಅದೇ ತಿಂಗಳು ಮ್ಯೂನಿಕ್ಕಿನಲ್ಲಿ ಹಿಟ್ಲರ್ ನಡೆಸಿದ ದಂಗೆ ಎರಡು ದಿನವೂ ಪೂರ್ತಿ ನಿಲ್ಲಲಿಲ್ಲ. 1924ರ ಡಿಸೆಂಬರ್ ಚುನಾವಣೆಯಲ್ಲಿ ಅವನ ಕಡೆಯವರಿಗೆ ಬಂದದ್ದು ಶೇ. 3. ಕಷ್ಟದ ಪ್ರಮಾಣವೇ ನಿರ್ಣಾಯಕವಾಗಿದ್ದರೆ ಅವನು ಹತ್ತು ವರ್ಷ ಮೊದಲೇ ಗೆಲ್ಲಬೇಕಿತ್ತು.

ವಿನಾಯಕ:
1923 ಹಿಟ್ಲರನನ್ನು ಗೆಲ್ಲಿಸಲಿಲ್ಲ, ನಿಜ. ಆದರೆ ಅದು ಬಿಟ್ಟುಹೋದ ಹೆದರಿಕೆ 1930ರ ನಂತರದ ಸರ್ಕಾರಗಳ ಕೈ ಕಟ್ಟಿತು ಎಂಬುದನ್ನು ಮರೆಯಬಾರದು. ನೋಟು ಅಚ್ಚು ಮಾಡುವ ಮಾತೆತ್ತಿದರೆ ಸಾಕು, ಬಲಪಂಥೀಯರಿಂದ ಸೋಷಿಯಲ್ ಡೆಮಾಕ್ರಾಟರವರೆಗೆ ಎಲ್ಲರೂ ಬೆಚ್ಚುತ್ತಿದ್ದರು. ವರ್ಸೇಲ್ಸ್ ಒಪ್ಪಂದದ ಯುದ್ಧ ಪರಿಹಾರದ ಹೊರೆ ಬೇರೆ. ಅದು 1932ರ ಜುಲೈನ ಲೋಸಾನ್ ಸಮ್ಮೇಳನದಲ್ಲಿ ಬಹುಮಟ್ಟಿಗೆ ಕೊನೆಗೊಂಡಿತು. ಅಷ್ಟರಲ್ಲಿ ಆಗಬೇಕಾದ ಅನಾಹುತವೆಲ್ಲ ಆಗಿಹೋಗಿತ್ತು.

ಮೇಷ್ಟ್ರು:
ನಾನು ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು, ಆದ್ದರಿಂದ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ಷೇರುಪೇಟೆಯ ಕುಸಿತಕ್ಕೂ ಹಿಟ್ಲರನಿಗೂ ನಡುವಿನ ಮೂರು ವರ್ಷಗಳಲ್ಲಿ ಸರ್ಕಾರ ಏನು ಮಾಡಿತು ಎಂಬುದನ್ನು ಇಲ್ಲಿಯವರೆಗೆ ಯಾರೂ ಎತ್ತಿಲ್ಲ.

1927ರಲ್ಲಿ ಜರ್ಮನಿ ನಿರುದ್ಯೋಗ ವಿಮೆಯ ಕಾಯಿದೆ ತಂದಿತ್ತು. ಕೆಲಸವಿಲ್ಲದವರ ಸಂಖ್ಯೆ ಏರಿದಂತೆ ಆ ವಿಮೆಯ ನಿಧಿ ಬರಿದಾಯಿತು. ಮಾಲೀಕರೂ ಕಾರ್ಮಿಕರೂ ಕಟ್ಟುವ ವಂತಿಗೆಯನ್ನು ಇನ್ನೂ ಅರ್ಧ ಪ್ರತಿಶತ ಏರಿಸುವುದೋ ಬೇಡವೋ ಎಂಬ ಜಗಳದಲ್ಲಿ 1930ರ ಮಾರ್ಚ್ 27ರಂದು ಹರ್ಮನ್ ಮುಲ್ಲರ್ ಅವರ ಸಮ್ಮಿಶ್ರ ಸರ್ಕಾರ ಬಿತ್ತು. ಸಂಸತ್ತಿನ ಬಹುಮತದ ಆಧಾರದಲ್ಲಿ ನಡೆದ ಕೊನೆಯ ಸರ್ಕಾರ ಅದು. ಮುಂದೆ ಚಾನ್ಸಲರ್ (ಅಂದರೆ ಪ್ರಧಾನಿ) ಆಗಿ ಬಂದ ಹೈನ್ರಿಕ್ ಬ್ರೂನಿಂಗ್, ಸಂಸತ್ತು ತನ್ನ ಆರ್ಥಿಕ ಯೋಜನೆಯನ್ನು ತಿರಸ್ಕರಿಸಿದಾಗ ಸಂಸತ್ತನ್ನೇ ವಿಸರ್ಜಿಸಿ, ಸಂವಿಧಾನದ 48ನೆಯ ವಿಧಿಯಡಿ ರಾಷ್ಟ್ರಾಧ್ಯಕ್ಷ ಹಿಂಡನ್‌ಬರ್ಗ್ ಅವರ ಸಹಿ ಪಡೆದು ಸುಗ್ರೀವಾಜ್ಞೆಗಳ ಮೂಲಕ ಆಳಿದರು. 1930ರಲ್ಲಿ ಸಂಸತ್ತು 98 ಕಾಯಿದೆಗಳನ್ನು ಅಂಗೀಕರಿಸಿತ್ತು. 1931ರಲ್ಲಿ 34, 1932ರಲ್ಲಿ ಕೇವಲ 5. ಹಿಟ್ಲರ್ ಬಾಗಿಲು ಮುಚ್ಚುವ ಹೊತ್ತಿಗೆ ಆ ಸಭಾಂಗಣ ಆಗಲೇ ಹೆಚ್ಚುಕಡಿಮೆ ಖಾಲಿಯಾಗಿತ್ತು.

ಆ ಸುಗ್ರೀವಾಜ್ಞೆಗಳಲ್ಲಿ ಇದ್ದದ್ದೇನು? ಸರ್ಕಾರಿ ನೌಕರರ ಸಂಬಳ ಕಡಿತ, ಪಿಂಚಣಿ ಕಡಿತ, ಹೊಸ ತೆರಿಗೆ. 1931ರ ಡಿಸೆಂಬರ್‌ನ ಆಜ್ಞೆ ದೇಶದ ಕೂಲಿ ದರಗಳನ್ನು 1927ರ ಜನವರಿಯ ಮಟ್ಟಕ್ಕೆ ಇಳಿಸಿತು. ಆ ವರ್ಷ ಜುಲೈನಲ್ಲಿ ಡಾನಾಟ್ ಬ್ಯಾಂಕ್ ಕುಸಿದು ದೇಶದ ಬ್ಯಾಂಕುಗಳನ್ನೆಲ್ಲ ಕೆಲ ದಿನ ಮುಚ್ಚಬೇಕಾಗಿ ಬಂದಿದ್ದರೂ ಧೋರಣೆ ಬದಲಾಗಲಿಲ್ಲ. ಜನ ಬ್ರೂನಿಂಗರನ್ನು ಹಸಿವಿನ ಚಾನ್ಸಲರ್ ಎಂದು ಕರೆದರು.

ಕೆಲಸ ಕಳೆದುಕೊಂಡ ಒಬ್ಬ ಬಡಗಿಯ ಕಡೆಯಿಂದ ಇದನ್ನು ನೋಡಿ. ಅವನು ಉದ್ಯೋಗ ಕಚೇರಿಯ ಸಾಲಿನಲ್ಲಿ ನಿಂತು ಕಾರ್ಡಿಗೆ ಮುದ್ರೆ ಹಾಕಿಸಿಕೊಳ್ಳಬೇಕು. ವಿಮೆಯ ಭತ್ಯೆ ಮೊದಲು 26 ವಾರ ಸಿಗುತ್ತಿತ್ತು, ಆಮೇಲೆ ಅದನ್ನು ಇಳಿಸಿದರು, 1932ರ ಜೂನ್‌ನಲ್ಲಿ ಬ್ರೂನಿಂಗರ ಜಾಗಕ್ಕೆ ಪಾಪೆನ್ ಸರ್ಕಾರ ಬಂದ ಮೇಲೆ ಆರು ವಾರ ಕಳೆದೊಡನೆ ನಿನಗೆ ನಿಜವಾಗಿಯೂ ಗತಿಯಿಲ್ಲವೇ ಎಂಬ ವಿಚಾರಣೆ ಶುರುವಾಗುತ್ತಿತ್ತು. ಅದೂ ಮುಗಿದರೆ ಪುರಸಭೆಯ ಬಡವರ ನಿಧಿ. ಅಲ್ಲಿ ಪಡೆದದ್ದನ್ನು ಮುಂದೆಂದಾದರೂ ಹಿಂದಿರುಗಿಸಬೇಕೆಂಬ ಷರತ್ತು. ಇಷ್ಟನ್ನೂ ಅವನಿಗೆ ಮಾಡಿದ್ದು ಹಿಟ್ಲರನಲ್ಲ. ಗಣರಾಜ್ಯದ ಮೊಹರು ಹೊತ್ತ ಕಾಗದಗಳು. ಗಣರಾಜ್ಯವನ್ನು ಉಳಿಸೋಣ ಬನ್ನಿ ಎಂದು ಆ ಬಡಗಿಯನ್ನು ಯಾವ ಮುಖವಿಟ್ಟುಕೊಂಡು ಕರೆಯುವುದು?

ಇಕ್ಬಾಲ್:
ಮೇಷ್ಟ್ರೇ, ನೀವು ಹೇಳಿದ ಬಡಗಿ ಬಹುಶಃ ಹಿಟ್ಲರನಿಗೆ ಮತ ಹಾಕಿದವನಲ್ಲ. ಜರ್ಮನಿಯ ಮತದಾನದ ಲೆಕ್ಕವನ್ನು ಜಿಲ್ಲೆ ಜಿಲ್ಲೆಯಾಗಿ ಬಿಡಿಸಿ ನೋಡಿದ ಯೂರ್ಗನ್ ಫಾಲ್ಟರ್ ಅವರಂಥ ವಿದ್ವಾಂಸರ ತೀರ್ಮಾನದಂತೆ, ಕೆಲಸ ಕಳೆದುಕೊಂಡ ಕಾರ್ಮಿಕರು ನಾಜಿಗಳಿಗಿಂತ ಹೆಚ್ಚಾಗಿ ವಾಲಿದ್ದು ಕಮ್ಯುನಿಸ್ಟರ ಕಡೆಗೆ. ಹಿಟ್ಲರನ ಮತಪೆಟ್ಟಿಗೆ ತುಂಬಿದ್ದು ಪ್ರೊಟೆಸ್ಟೆಂಟ್ ಹಳ್ಳಿ ಮತ್ತು ಸಣ್ಣ ಪಟ್ಟಣಗಳಲ್ಲಿ: ಸ್ವಂತ ಜಮೀನಿದ್ದ ರೈತ, ಚಿಲ್ಲರೆ ಅಂಗಡಿಯವನು, ಕುಶಲಕರ್ಮಿ, ಪಿಂಚಣಿದಾರ. ಕ್ಯಾಥೊಲಿಕರ ಸೆಂಟರ್ ಪಕ್ಷದ ಮತ ಆ ವರ್ಷಗಳಲ್ಲಿ ಬಹುತೇಕ ಅಲುಗಲೇ ಇಲ್ಲ; ಬಡತನ ಅವರ ಊರುಗಳನ್ನೇನೂ ಬಿಟ್ಟಿರಲಿಲ್ಲ.

ಡೆನ್ಮಾರ್ಕಿನ ಗಡಿಯಲ್ಲಿರುವ ಶ್ಲೆಸ್ವಿಗ್-ಹೋಲ್‌ಸ್ಟೈನ್ ಪ್ರಾಂತ್ಯವನ್ನು ತೆಗೆದುಕೊಳ್ಳಿ. ಅಲ್ಲಿನ ರೈತರು ಸಾಲ ಮಾಡಿ ದನ ಕೊಬ್ಬಿಸಿ ಮಾರುವವರು. ಬೆಲೆ ಬಿತ್ತು, ಬಡ್ಡಿಯೂ ತೆರಿಗೆಯೂ ಬೀಳಲಿಲ್ಲ. 1928ರ ನವೆಂಬರ್‌ನಲ್ಲಿ, ಅಂದರೆ ನ್ಯೂಯಾರ್ಕಿನ ಕುಸಿತಕ್ಕೆ ಸುಮಾರು ಒಂದು ವರ್ಷ ಮೊದಲೇ, ಬೈಡನ್‌ಫ್ಲೇಟ್ ಎಂಬ ಹಳ್ಳಿಯಲ್ಲಿ ತೆರಿಗೆ ಬಾಕಿಗಾಗಿ ಇಬ್ಬರು ರೈತರ ಎತ್ತುಗಳನ್ನು ಜಪ್ತಿ ಮಾಡಿ ಹೊಡೆದುಕೊಂಡು ಹೋಗುತ್ತಿದ್ದಾಗ ಊರಿನವರು ದಾರಿಗೆ ಅಡ್ಡಲಾಗಿ ಹುಲ್ಲಿಗೆ ಬೆಂಕಿ ಕೊಟ್ಟರು. ಬೆದರಿದ ಎತ್ತುಗಳು ತಿರುಗಿ ಕೊಟ್ಟಿಗೆಯ ದಾರಿ ಹಿಡಿದವು. ಆಗ ಆ ರೈತರು ನಾಜಿಗಳಾಗಿರಲಿಲ್ಲ. 1928ರಲ್ಲಿ ಆ ಪ್ರಾಂತ್ಯದಲ್ಲಿ ನಾಜಿ ಪಕ್ಷಕ್ಕೆ ಶೇ. 4 ಮತ. 1932ರ ಜುಲೈನಲ್ಲಿ ಶೇ. 51. ನಡುವಿನ ವರ್ಷಗಳಲ್ಲಿ ಅವರ ಅಂಗಳಕ್ಕೆ ಹೋಗಿ ದನದ ಬೆಲೆ, ಬೆಣ್ಣೆಯ ಬೆಲೆ, ಜಪ್ತಿ, ಹರಾಜು ಎಂದು ಅವರದೇ ಮಾತಿನಲ್ಲಿ ಮಾತಾಡಿದ ಪಕ್ಷ ಅದೊಂದೇ ಎಂಬಂತಾಗಿತ್ತು. 1930ರಿಂದ ವಾಲ್ಟರ್ ದಾರೆ ಕಟ್ಟಿದ ಕೃಷಿ ಸಂಘಟನೆಯ ಕೆಲಸವೇ ಅದು. ಇದ್ದಬದ್ದದ್ದು ಕೈತಪ್ಪೀತು, ನಾಳೆ ತಾನೂ ಕೂಲಿಯವನಾದೇನು ಎಂಬ ಭಯ ಹಸಿವಿಗಿಂತ ಬೇರೆಯದು. ಫ್ಯಾಸಿಸ್ಟರಿಗೆ ಬೇಕಾದದ್ದು ಈ ಭಯ.

ಪ್ರಹ್ಲಾದ:
ಇಕ್ಬಾಲ್ ಅವರೇ, ಜಪ್ತಿಯೂ ಹರಾಜೂ ಆರ್ಥಿಕ ಸಂಕಷ್ಟವೇ ಅಲ್ಲವೇ? ಮಾತನ್ನು ಹಸಿವಿನಿಂದ ಭಯಕ್ಕೆ ಸರಿಸಿದ ಮಾತ್ರಕ್ಕೆ ನನ್ನ ವಾದ ಬೀಳುವುದಿಲ್ಲ. ಶಾರದಾ ಅವರ ಪಟ್ಟಿಯಲ್ಲಿ ಹಳೆಯ, ಬೇರುಬಿಟ್ಟ ಪ್ರಜಾಪ್ರಭುತ್ವಗಳೇ ಇವೆ. ಆಸ್ಟ್ರಿಯಾದಲ್ಲಿ ಚಾನ್ಸಲರ್ ಡಾಲ್‌ಫುಸ್ 1933ರ ಮಾರ್ಚ್‌ನಲ್ಲಿ ಸಂಸತ್ತನ್ನು ಮುಚ್ಚಿದ. ಎಸ್ಟೋನಿಯಾ, ಲಾಟ್ವಿಯಾಗಳಲ್ಲಿ 1934ರಲ್ಲಿ ಸರ್ವಾಧಿಕಾರ ಬಂತು. ಚೆಕೊಸ್ಲೊವಾಕಿಯಾ ಪ್ರಜಾಪ್ರಭುತ್ವವಾಗಿಯೇ ಉಳಿಯಿತು ಎಂದು ನೀವು ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ: ಅಲ್ಲಿಯೂ ಮಗ್ಗ, ಗಾಜಿನ ಕಾರ್ಖಾನೆಗಳು ನಿಂತು ಅತಿ ಹೆಚ್ಚು ಪೆಟ್ಟು ತಿಂದ ಸುಡೆಟನ್ ಜರ್ಮನ್ ಪ್ರದೇಶಗಳೇ 1935ರಲ್ಲಿ ಜರ್ಮನ್ ರಾಷ್ಟ್ರೀಯವಾದಿ ಹೆನ್‌ಲೈನ್ ಪಕ್ಷಕ್ಕೆ ಮತ ಸುರಿದವು. ಹೊಸ ಗಣರಾಜ್ಯಗಳಲ್ಲಿ ಕಷ್ಟವೆಂಬುದು ಬೇರೆಯೇ ರೀತಿಯಲ್ಲಿ ಕೆಲಸ ಮಾಡುತ್ತದೆ.

ಗೌರೀಶ:
ಎಡಪಕ್ಷಗಳ ಪಾಲನ್ನು ಯಾರೂ ಎತ್ತದಿರುವುದು ಆಶ್ಚರ್ಯ. 1932ರ ನವೆಂಬರ್ ಚುನಾವಣೆಯಲ್ಲಿ ಸೋಷಿಯಲ್ ಡೆಮಾಕ್ರಾಟರಿಗೆ ಶೇ. 20.4, ಕಮ್ಯುನಿಸ್ಟರಿಗೆ ಶೇ. 16.9; ಕೂಡಿದರೆ ನಾಜಿಗಳ ಶೇ. 33.1ನ್ನು ಮೀರುತ್ತಿತ್ತು. ಆದರೆ ಮಾಸ್ಕೋದ ಆದೇಶದಂತೆ ಕಮ್ಯುನಿಸ್ಟರ ಪಾಲಿಗೆ ಸೋಷಿಯಲ್ ಡೆಮಾಕ್ರಾಟರೇ ಸೋಷಿಯಲ್ ಫ್ಯಾಸಿಸ್ಟರು, ಅಂದರೆ ಮೊದಲ ಶತ್ರು. ಆ ಚುನಾವಣೆಗೆ ಮೂರು ದಿನ ಮೊದಲು ಶುರುವಾದ ಬರ್ಲಿನ್ ಸಾರಿಗೆ ಮುಷ್ಕರದಲ್ಲಿ ಕಮ್ಯುನಿಸ್ಟರೂ ನಾಜಿಗಳೂ ಒಂದೇ ಕಡೆ ನಿಂತಿದ್ದರು. ಲೋಹಿಯಾ ಆ ವರ್ಷಗಳಲ್ಲಿ ಬರ್ಲಿನ್ನಿನಲ್ಲೇ ವಿದ್ಯಾರ್ಥಿಯಾಗಿದ್ದರು. ಕಮ್ಯುನಿಸ್ಟರ ಬಗ್ಗೆ ಅವರಿಗಿದ್ದ ಗುಮಾನಿಗೆ, ಅವರ ಮೂಲಕ ನಮ್ಮ ಸಮಾಜವಾದಿಗಳಿಗೂ ಬಂದ ಗುಮಾನಿಗೆ, ಆ ಬೀದಿಗಳಲ್ಲಿ ಕಂಡದ್ದೂ ಒಂದು ಕಾರಣವಿದ್ದೀತು ಎಂಬುದು ನನ್ನ ಊಹೆ ಮಾತ್ರ.

ಸೋಷಿಯಲ್ ಡೆಮಾಕ್ರಾಟರೂ ಕಡಿಮೆಯಿಲ್ಲ. 1932ರ ಆರಂಭದಲ್ಲಿ ಅವರದೇ ಕಾರ್ಮಿಕ ಸಂಘಗಳು, ಸರ್ಕಾರ 200 ಕೋಟಿ ಮಾರ್ಕ್ ಸಾಲವೆತ್ತಿ ರಸ್ತೆ, ವಸತಿ ಮುಂತಾದ ಕಾಮಗಾರಿಗಳಿಂದ 10 ಲಕ್ಷ ಜನರಿಗೆ ಕೆಲಸ ಕೊಡಬೇಕೆಂಬ ಯೋಜನೆ ಮುಂದಿಟ್ಟವು. ಇದರಿಂದ ಹಣದುಬ್ಬರ ಬರುತ್ತದೆ, ಇದು ಮಾರ್ಕ್ಸ್‌ವಾದವೂ ಅಲ್ಲ ಎಂದು ಹಿಲ್ಫರ್ಡಿಂಗ್ ಮತ್ತಿತರ ನಾಯಕರು ಅದನ್ನು ಬದಿಗೆ ಸರಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ನಾಜಿಗಳ ಗ್ರೆಗೊರ್ ಸ್ಟ್ರಾಸರ್ ಸಂಸತ್ತಿನಲ್ಲಿ ಎದ್ದುನಿಂತು ಉದ್ಯೋಗ ಸೃಷ್ಟಿಯ ಕಾರ್ಯಕ್ರಮ ಮಂಡಿಸಿದ. ಸೋತು ಸುಣ್ಣವಾದ ಮುಖಗಳ ಗುಂಪಿನ ಕೆಳಗೆ 'ನಮ್ಮ ಕೊನೆಯ ಭರವಸೆ: ಹಿಟ್ಲರ್' ಎಂದು ಬರೆದ ಭಿತ್ತಿಪತ್ರ ಗೋಡೆಗಳ ಮೇಲೆ ಬಂದದ್ದು ಅದೇ ವರ್ಷ. ಆ ಜಾಗವನ್ನು ತೆರವು ಮಾಡಿಕೊಟ್ಟವರು ಎಡಪಂಥದವರೇ.

ಶಾರದಾ:
ಗೌರೀಶರು ಕೊಟ್ಟ ನವೆಂಬರಿನ ಅಂಕಿಯನ್ನೇ ಇನ್ನೊಮ್ಮೆ ನೋಡಬೇಕು. ಜುಲೈನ ಶೇ. 37.3 ನವೆಂಬರ್‌ನಲ್ಲಿ ಶೇ. 33.1ಕ್ಕೆ ಇಳಿದಿದೆ, 20 ಲಕ್ಷ ಮತ ಕೈಬಿಟ್ಟಿದೆ, 34 ಸ್ಥಾನ ಹೋಗಿದೆ. ಪಕ್ಷ ಸಾಲದಲ್ಲಿ ಮುಳುಗಿತ್ತು. ಡಿಸೆಂಬರ್ 8ರಂದು ಸ್ಟ್ರಾಸರ್ ತನ್ನ ಸ್ಥಾನಗಳಿಗೆ ರಾಜೀನಾಮೆ ಕೊಟ್ಟ. ಕೆಲಸವಿಲ್ಲದವರು ಮಾತ್ರ ಆಗಲೂ 60 ಲಕ್ಷದ ಆಸುಪಾಸಿನಲ್ಲೇ ಇದ್ದರು. ಪ್ರಹ್ಲಾದರು ಹೇಳಿದ ಎರಡು ಗೆರೆಗಳು ಇಲ್ಲಿ ಬೇರೆಯಾಗುತ್ತವೆ, ಮತ್ತು ಹಿಟ್ಲರ್ ಅಧಿಕಾರ ಹಿಡಿದದ್ದು ಅವು ಬೇರೆಯಾದ ಮೇಲೆ.

ಹಿಡಿದದ್ದು ಎನ್ನುವುದಕ್ಕಿಂತ ಕೊಡಿಸಿಕೊಂಡದ್ದು ಎಂದರೆ ಸರಿಯಾದೀತು. 1933ರ ಜನವರಿ 4ರಂದು ಕೊಲೋನಿನಲ್ಲಿ ಬ್ಯಾಂಕರ್ ಕುರ್ಟ್ ಫಾನ್ ಶ್ರೋಡರ್ ಅವರ ಮನೆಯಲ್ಲಿ ಪಾಪೆನ್ ಮತ್ತು ಹಿಟ್ಲರ್ ಗುಟ್ಟಾಗಿ ಭೇಟಿಯಾದರು. ತನ್ನನ್ನು ಕೆಳಗಿಳಿಸಿ ಚಾನ್ಸಲರ್ ಆಗಿದ್ದ ಶ್ಲೈಷರ್ ಮೇಲೆ ಸೇಡು ತೀರಿಸಿಕೊಳ್ಳುವುದು ಪಾಪೆನ್ನನ ಲೆಕ್ಕ. ಕಾರ್ಮಿಕ ಸಂಘಗಳೂ ಸಂಸತ್ತೂ ಇಲ್ಲದ ಜರ್ಮನಿ ಬೇಕೆಂಬುದು ಭೂಮಾಲೀಕರ, ಉದ್ಯಮಿಗಳ ಒಂದು ಗುಂಪಿನ ಆಸೆ. ಜನವರಿ 30ರಂದು ಹಿಟ್ಲರನನ್ನು ಚಾನ್ಸಲರ್ ಮಾಡಿ ರಚಿಸಿದ ಮಂತ್ರಿಮಂಡಲದಲ್ಲಿ ಹಿಟ್ಲರ್, ಫ್ರಿಕ್, ಗೋರಿಂಗ್ ಮೂವರೇ ನಾಜಿಗಳು. ಉಳಿದ ಸಂಪ್ರದಾಯವಾದಿಗಳು ಅವನನ್ನು ತಮ್ಮ ಹಿಡಿತದಲ್ಲಿ ಇಟ್ಟುಕೊಂಡಿದ್ದೇವೆಂದು ನಂಬಿದ್ದರು. ಫೆಬ್ರವರಿ 27ರಂದು ಸಂಸತ್ ಭವನಕ್ಕೆ ಬೆಂಕಿ ಬಿತ್ತು, ಮರುದಿನವೇ ನಾಗರಿಕ ಹಕ್ಕುಗಳನ್ನು ಅಮಾನತಿನಲ್ಲಿಟ್ಟ ಆಜ್ಞೆ ಬಂತು, ಮಾರ್ಚ್ 23ರಂದು ಸಂಸತ್ತು 444 ಮತಗಳಿಂದ ತನ್ನ ಅಧಿಕಾರವನ್ನು ಅವನಿಗೆ ಒಪ್ಪಿಸಿತು. ವಿರುದ್ಧ ಬಿದ್ದ 94 ಮತಗಳು ಸೋಷಿಯಲ್ ಡೆಮಾಕ್ರಾಟರವು. ಗೌರೀಶರ ಆರೋಪಪಟ್ಟಿಯಲ್ಲಿ ಇದಕ್ಕೂ ಒಂದು ಸಾಲು ಇರಲಿ.

ಪ್ರಹ್ಲಾದ:
ಪಿತೂರಿ ನಡೆದದ್ದನ್ನು ಒಪ್ಪುತ್ತೇನೆ. ಆದರೆ ಶೇ. 2.6 ಮತದ ಪಕ್ಷದ ನಾಯಕನಿಗೆ ಯಾವ ಬ್ಯಾಂಕರೂ ತನ್ನ ಮನೆಯ ಬಾಗಿಲು ತೆರೆಯುತ್ತಿರಲಿಲ್ಲ. ಅವನನ್ನು ಆ ಬಾಗಿಲಿನವರೆಗೆ ತಂದದ್ದು ಆ ಮೂರು ವರ್ಷಗಳ ಸಂಕಷ್ಟವೇ ಎಂಬ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ. ಇನ್ನೊಂದು ಮಾತನ್ನೂ ಹೇಳಬೇಕು: ಅವನು ಬಂದ ಮೇಲೆ ಜನರಿಗೆ ಕೆಲಸ ಸಿಕ್ಕಿತು. ಅವನ ಆಳ್ವಿಕೆ ಗಟ್ಟಿಯಾದದ್ದೂ ಅದರಿಂದಲೇ.

ಮೇಷ್ಟ್ರು:
ಬಾಗಿಲಿನವರೆಗೆ ತಂದದ್ದು ಸಂಕಷ್ಟ ಎಂಬುದರ ಪಕ್ಕದಲ್ಲಿ, ಆ ಸಂಕಷ್ಟವನ್ನು ಸುಗ್ರೀವಾಜ್ಞೆ ಹೊರಡಿಸಿ ಹೆಚ್ಚಿಸಿದ್ದು ಎಂದು ಸೇರಿಸಿದರೆ ನಮ್ಮಿಬ್ಬರ ನಡುವೆ ಜಗಳವಿಲ್ಲ. ಕೆಲಸ ಕೊಟ್ಟ ಮಾತಿಗೆ ಮಾತ್ರ ಉತ್ತರ ಬೇಕು, ಏಕೆಂದರೆ ನಮ್ಮ ಕಡೆ ಮದುವೆ ಮನೆಯ ಪಂಕ್ತಿಯಲ್ಲೂ ಈ ಮಾತು ಕಿವಿಗೆ ಬೀಳುತ್ತದೆ. ಉದ್ಯೋಗ ಸೃಷ್ಟಿಗೆಂದು 50 ಕೋಟಿ ಮಾರ್ಕ್ ತೆಗೆದಿಟ್ಟದ್ದು 1933ರ ಜನವರಿಯಲ್ಲಿ ಶ್ಲೈಷರ್ ಸರ್ಕಾರ. ಹಿಟ್ಲರ್ ಅಧಿಕಾರಕ್ಕೆ ಬರುವ ಎರಡು ದಿನ ಮೊದಲು ಅದು ಬಿದ್ದದ್ದರಿಂದ ಖರ್ಚು ಮಾಡಿ ಹೆಸರು ಪಡೆದವನು ಹಿಟ್ಲರ್. ಉತ್ಪಾದನೆ ತಳ ಮುಟ್ಟಿ ಮೆಲ್ಲಗೆ ಏಳತೊಡಗಿದ್ದೂ 1932ರ ಕೊನೆಯ ತಿಂಗಳುಗಳಲ್ಲಿಯೇ. ಎಲ್ಲರೂ ಹೊಗಳುವ ಹೆದ್ದಾರಿಗಳಲ್ಲಿ, ಅತಿ ಹೆಚ್ಚು ಜನ ದುಡಿದ 1936ರಲ್ಲಿಯೂ, ಇದ್ದವರು ಸುಮಾರು 1.25 ಲಕ್ಷ ಮಂದಿ; 60 ಲಕ್ಷದ ಲೆಕ್ಕದಲ್ಲಿ ಅದೆಷ್ಟಾಯಿತು? ಉಳಿದ ದೊಡ್ಡ ಪಾಲು ಶಸ್ತ್ರಾಸ್ತ್ರ ಕಾರ್ಖಾನೆಗಳದು, 1935ರಿಂದ ಕಡ್ಡಾಯ ಸೈನಿಕ ಸೇವೆಯದು. 1933ರ ಮೇ 2ರಂದು ನಾಜಿಗಳು ಕಾರ್ಮಿಕ ಸಂಘಗಳ ಕಚೇರಿಗಳಿಗೆ ನುಗ್ಗಿ ಅವುಗಳ ನಿಧಿಯನ್ನೂ ಕಟ್ಟಡಗಳನ್ನೂ ವಶಪಡಿಸಿಕೊಂಡಿದ್ದರು. ಹಾಗಾಗಿ ಆ ಬಡಗಿಗೆ ಕೆಲಸ ಸಿಕ್ಕಾಗ ಕೂಲಿಯ ದರ ಬ್ರೂನಿಂಗರು ಇಳಿಸಿಟ್ಟ ಮಟ್ಟದ ಹತ್ತಿರವೇ ನಿಂತಿತ್ತು, ಅದನ್ನು ಹೆಚ್ಚಿಸಿರೆಂದು ಮುಷ್ಕರ ಹೂಡುವ ಹಕ್ಕು ಅವನಿಗಿರಲಿಲ್ಲ.